ಯುಎಇ ಖಾಸಗಿ ಸಂಸ್ಥೆಗಳ ನೇಮಕಾತಿ ನಿಯಮಗಳು, ಸರಕಾರದ ಪ್ರೋತ್ಸಾಹ ಯೋಜನೆಗಳು: ಗಡಿನಾಡ ಕನ್ನಡಿಗರಿಗೊಂದು ಕೈಪಿಡಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಗಲ್ಫಿನ ಸಂಬಂಧವಿಲ್ಲದ ಮನೆಗಳು ವಿರಳ. ಉಪ್ಪಳದಿಂದ ಮುಳ್ಳೇರಿಯದವರೆಗೆ, ಕುಂಬಳೆಯಿಂದ ಪೈವಳಿಕೆಯವರೆಗೆ, ಮನೆಯ ಒಬ್ಬರಾದರೂ ದುಬೈ, ಶಾರ್ಜಾ ಅಥವಾ ಅಬುಧಾಬಿಯಲ್ಲಿ ದುಡಿದವರೇ. ಹೀಗಿದ್ದರೂ ಆ ದೇಶದಲ್ಲಿ ಖಾಸಗಿ ಸಂಸ್ಥೆಯೊಂದು ಕೆಲಸಗಾರನನ್ನು ಯಾವ ಕಾನೂನಿನಡಿ ನೇಮಿಸಿಕೊಳ್ಳುತ್ತದೆ, ಅಲ್ಲಿನ ಸರಕಾರ ಸಂಸ್ಥೆಗಳಿಗೆ ಯಾವ ಸವಲತ್ತು ಕೊಡುತ್ತದೆ, ಯಾವ ತಪ್ಪಿಗೆ ಎಷ್ಟು ದಂಡ ವಿಧಿಸುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದೆಡೆ ಓದುವ ಅವಕಾಶ ನಮ್ಮವರಿಗೆ ದೊರೆತದ್ದು ಕಡಿಮೆ. ಆ ಕೊರತೆಯನ್ನು ತುಸುವಾದರೂ ತುಂಬುವ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಇದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲೇ ಹೇಳಬೇಕು. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಹಳೆಯ ವಿದ್ಯಾರ್ಥಿಯೊಬ್ಬ ವಿಮಾನ ಏರುವುದಕ್ಕೆ ನಾಲ್ಕು ದಿನ ಮೊದಲು ನೇಮಕಾತಿ ಪತ್ರ ಹಿಡಿದು ಬಂದಿದ್ದ. ಪತ್ರ ಅರಬ್ಬಿ, ಇಂಗ್ಲಿಷ್ ಮತ್ತು ಮಲಯಾಳಂ ಭಾಷೆಗಳಲ್ಲಿತ್ತು. ಆತನಿಗೆ ಮಲಯಾಳಂ ಆಡಲು ಬರುತ್ತದೆ. ಕಾನೂನಿನ ಮಲಯಾಳಂ ಓದಿದರೆ ತಲೆಗೆ ಹತ್ತುವುದಿಲ್ಲ. "ಸಹಿ ಹಾಕಿ ಕಳಿಸಿ ಆಗಿದೆ ಮಾಷ್ಟ್ರೇ, ಇದರಲ್ಲಿ ಏನಿದೆ ಅಂತ ಒಮ್ಮೆ ಹೇಳಿ" ಎಂದ. ಏಜೆಂಟ್ ಬಾಯಲ್ಲಿ ಹೇಳಿದ ಸಂಬಳದ ಅರ್ಧದಷ್ಟೇ ಪತ್ರದಲ್ಲಿ ಮೂಲ ವೇತನವೆಂದು ನಮೂದಾಗಿತ್ತು. ಉಳಿದದ್ದು ಭತ್ಯೆ. ಈ ವ್ಯತ್ಯಾಸದಿಂದ ಮುಂದೆ ಆಗುವ ನಷ್ಟವೇನೆಂದು ಆತನಿಗೆ ಯಾರೂ ತಿಳಿಸಿರಲಿಲ್ಲ.

ಆರು ಗಲ್ಫ್ ರಾಷ್ಟ್ರಗಳ ಕಾನೂನುಗಳೂ ಬೇರೆ ಬೇರೆ. ಇಲ್ಲಿ ಹೇಳುವುದೆಲ್ಲ ಸಂಯುಕ್ತ ಅರಬ್ ಎಮಿರೇಟುಗಳಿಗೆ, ಅಂದರೆ ಯುಎಇಗೆ ಮಾತ್ರ ಅನ್ವಯಿಸುತ್ತದೆ. ಸೌದಿ, ಕತಾರ್, ಕುವೈತ್‌ಗಳಿಗೆ ಹೋಗುವವರು ಇದನ್ನೇ ನಂಬಿ ನಡೆಯಬಾರದು.

ಮೂಲ ಕಾನೂನು

ಯುಎಇಯ ಖಾಸಗಿ ಕ್ಷೇತ್ರದ ಉದ್ಯೋಗ ಸಂಬಂಧಗಳನ್ನು 2021ರ 33ನೆಯ ಫೆಡರಲ್ ಶಾಸನ ನಿಯಂತ್ರಿಸುತ್ತದೆ. ಇದು 1980ರ 8ನೆಯ ಕಾನೂನಿನ ಸ್ಥಾನದಲ್ಲಿ 2022ರ ಫೆಬ್ರವರಿ 2ರಿಂದ ಜಾರಿಗೆ ಬಂದಿತು. ಇದನ್ನು ನಡೆಸುವ ಹೊಣೆ ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯದ್ದು. ದುಬೈಯ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರ ಹಾಗೂ ಅಬುಧಾಬಿಯ ಜಾಗತಿಕ ಮಾರುಕಟ್ಟೆ ಎಂಬ ಎರಡು ವಲಯಗಳಿಗೆ ತಮ್ಮದೇ ಉದ್ಯೋಗ ನಿಯಮಗಳಿವೆ. ಮನೆಗೆಲಸದವರು, ಮನೆಯ ಚಾಲಕರು, ಅಡುಗೆಯವರು ಈ ಶಾಸನದ ವ್ಯಾಪ್ತಿಗೆ ಬರುವುದಿಲ್ಲ. ಅವರಿಗಾಗಿ 2022ರ 9ನೆಯ ಪ್ರತ್ಯೇಕ ಶಾಸನವಿದೆ.

ನೇಮಕಾತಿಯ ಕ್ರಮ

ಉದ್ಯೋಗದಾತನು ಮೊದಲು ಸಚಿವಾಲಯದ ನಮೂನೆಯಲ್ಲಿ ನೇಮಕಾತಿ ಪ್ರಸ್ತಾವ, ಅಂದರೆ ಆಫರ್ ಲೆಟರ್ ಸಿದ್ಧಪಡಿಸಬೇಕು. ಕೆಲಸಗಾರನು ಅದನ್ನು ಓದಿ ಸಹಿ ಹಾಕಿದ ಬಳಿಕವೇ ಕೆಲಸದ ಪರವಾನಗಿಗೆ ಅರ್ಜಿ. ಪರವಾನಗಿ ದೊರೆತು ಪ್ರವೇಶ ವೀಸಾ ಬಂದ ಮೇಲೆ ಪ್ರಯಾಣ. ಅಲ್ಲಿ ತಲುಪಿದ ನಂತರ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಗುರುತುಚೀಟಿ, ಒಪ್ಪಂದದ ನೋಂದಣಿ ಮತ್ತು ವಾಸದ ವೀಸಾ. ನೋಂದಾಯಿತ ಒಪ್ಪಂದದ ಷರತ್ತುಗಳು ಊರಲ್ಲಿ ಸಹಿ ಹಾಕಿದ ಪ್ರಸ್ತಾವಕ್ಕೆ ಹೊಂದಿಕೆಯಾಗಿರಬೇಕು. ಆದುದರಿಂದ ಸಹಿ ಹಾಕಿದ ಪತ್ರದ ಪ್ರತಿಯನ್ನು ಮನೆಯಲ್ಲೊಂದು, ಕೈಯಲ್ಲೊಂದು ಇಟ್ಟುಕೊಳ್ಳಬೇಕು.

ಸಂದರ್ಶಕ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಲ್ಲುವುದು ಕಾನೂನುಬಾಹಿರ. ಕೆಲಸ ಹುಡುಕುವುದು ಬೇರೆ, ಪರವಾನಗಿಯಿಲ್ಲದೆ ದುಡಿಯುವುದು ಬೇರೆ. 2024ರ ಆಗಸ್ಟ್ 31ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಪರವಾನಗಿಯಿಲ್ಲದೆ ಕೆಲಸಕ್ಕಿಟ್ಟುಕೊಳ್ಳುವ ಅಥವಾ ಕರೆತಂದು ಕೆಲಸ ಕೊಡದೆ ಬಿಡುವ ಉದ್ಯೋಗದಾತನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡವಿದೆ.

ಒಪ್ಪಂದವು ನಿಗದಿತ ಅವಧಿಯದ್ದಾಗಿರಬೇಕು. ಅನಿರ್ದಿಷ್ಟ ಅವಧಿಯ ಒಪ್ಪಂದಗಳನ್ನು ಹೊಸ ಕಾನೂನು ತೆಗೆದುಹಾಕಿದೆ. ಪ್ರೊಬೇಷನ್ ಆರು ತಿಂಗಳನ್ನು ಮೀರುವಂತಿಲ್ಲ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬೇಕಾದರೆ ಉದ್ಯೋಗದಾತ 14 ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು. ಕೆಲಸಗಾರನೇ ಬಿಟ್ಟು ಆ ದೇಶದ ಇನ್ನೊಂದು ಸಂಸ್ಥೆಗೆ ಸೇರುವುದಾದರೆ ಒಂದು ತಿಂಗಳ, ದೇಶ ಬಿಡುವುದಾದರೆ 14 ದಿನಗಳ ಸೂಚನೆ ಕೊಡಬೇಕು. ಪ್ರೊಬೇಷನ್ ಮುಗಿದ ಮೇಲೆ ಸೂಚನಾ ಅವಧಿ 30ರಿಂದ 90 ದಿನಗಳೊಳಗೆ ಇರುತ್ತದೆ. ನಿಖರವಾಗಿ ಎಷ್ಟೆಂಬುದು ಒಪ್ಪಂದದಲ್ಲಿ ನಮೂದಾಗಿರುತ್ತದೆ.

ಖರ್ಚು ಯಾರದ್ದು?

ನಮ್ಮವರು ಅತ್ಯಂತ ಹೆಚ್ಚು ಮೋಸ ಹೋಗುವುದು ಇಲ್ಲಿ. ಶಾಸನದ 6ನೆಯ ವಿಧಿಯಂತೆ ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ವೀಸಾ ಮತ್ತು ಪರವಾನಗಿಯ ಶುಲ್ಕ ಉದ್ಯೋಗದಾತನ ಹೊಣೆ. ಪಾಸ್‌ಪೋರ್ಟ್ ಸೇರಿದಂತೆ ಕೆಲಸಗಾರನ ಅಧಿಕೃತ ದಾಖಲೆಗಳನ್ನು ತನ್ನಲ್ಲಿ ಇಟ್ಟುಕೊಳ್ಳುವ ಹಕ್ಕೂ ಉದ್ಯೋಗದಾತನಿಗಿಲ್ಲ. ಕೆಲಸ ಮುಗಿದ ಮೇಲೆ ಊರಿಗೆ ಮರಳುವ ಖರ್ಚನ್ನೂ ಅವನೇ ಭರಿಸಬೇಕು. ಕೆಲಸಗಾರ ಬೇರೆ ಸಂಸ್ಥೆಗೆ ಸೇರಿದ್ದರೆ ಅಥವಾ ಒಪ್ಪಂದ ಮುರಿಯಲು ತಾನೇ ಕಾರಣನಾಗಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ಭಾರತದ ಕಾನೂನು ಇಲ್ಲಿ ಸ್ವಲ್ಪ ಬೇರೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟನು ಅಭ್ಯರ್ಥಿಯಿಂದ ಗರಿಷ್ಠ 30,000 ರೂಪಾಯಿ ಸೇವಾಶುಲ್ಕ ಪಡೆಯಬಹುದು, ಜಿಎಸ್‌ಟಿ ಪ್ರತ್ಯೇಕ. ಅದಕ್ಕಿಂತ ಹೆಚ್ಚು ಕೇಳುವುದು ಇಲ್ಲಿಯೂ ಅಪರಾಧ. "ವೀಸಾದ ಬೆಲೆ ಒಂದೂವರೆ ಲಕ್ಷ" ಎಂಬ ಮಾತು ಯಾರಿಂದಲಾದರೂ ಬಂದರೆ, ಅದು ಎರಡೂ ದೇಶಗಳ ಕಾನೂನಿಗೆ ವಿರುದ್ಧವಾದ ವ್ಯಾಪಾರವೆಂದು ತಿಳಿಯಬೇಕು.

ಸಂಸ್ಥೆಗಳ ಮೂರು ದರ್ಜೆ

ಸರಕಾರದ ಪ್ರೋತ್ಸಾಹ ಮತ್ತು ಶಿಕ್ಷೆ ಒಟ್ಟಿಗೆ ಕಾಣಿಸುವುದು ಈ ವರ್ಗೀಕರಣದಲ್ಲಿ. 2022ರ ಜೂನ್ 1ರಿಂದ ಸಚಿವಾಲಯವು ಖಾಸಗಿ ಸಂಸ್ಥೆಗಳನ್ನು ಮೂರು ದರ್ಜೆಗಳಲ್ಲಿ ಇರಿಸಿದೆ. ಎರಡು ವರ್ಷದ ಕೆಲಸದ ಪರವಾನಗಿಗೆ ಮೊದಲ ದರ್ಜೆಯ ಸಂಸ್ಥೆ ಕೊಡುವ ಶುಲ್ಕ 250 ದಿರ್ಹಮ್, ಎರಡನೆಯ ದರ್ಜೆಯದ್ದು 1,200, ಮೂರನೆಯದ್ದು 3,450.

ಮೊದಲ ದರ್ಜೆಗೆ ಏರಲು ಹಲವು ದಾರಿಗಳಿವೆ: ಸ್ವದೇಶಿ ನೇಮಕಾತಿಯಲ್ಲಿ ನಿಗದಿತ ಗುರಿಯ ಕನಿಷ್ಠ ಮೂರು ಪಟ್ಟು ಸಾಧಿಸುವುದು, ವರ್ಷಕ್ಕೆ ಕನಿಷ್ಠ 500 ಸ್ವದೇಶಿಗಳಿಗೆ ತರಬೇತಿ ನೀಡುವುದು, ಅಲ್ಲಿನ ಯುವಕರ ಒಡೆತನದ ಸಣ್ಣ ಮತ್ತು ಮಧ್ಯಮ ಉದ್ಯಮವಾಗಿರುವುದು ಇತ್ಯಾದಿ. ಕಾನೂನು ಪಾಲಿಸುವ, ಕೆಲಸಗಾರರಲ್ಲಿ ವಿವಿಧ ದೇಶದವರನ್ನು ಇಟ್ಟುಕೊಂಡಿರುವ ಸಾಮಾನ್ಯ ಸಂಸ್ಥೆಗಳು ಎರಡನೆಯ ದರ್ಜೆಯಲ್ಲಿರುತ್ತವೆ. ನಿಯಮ ಮುರಿದವು ಮೂರನೆಯದಕ್ಕೆ ಇಳಿಯುತ್ತವೆ. ನೂರು ಮಂದಿಯನ್ನು ಕರೆಸಿಕೊಳ್ಳುವ ಸಂಸ್ಥೆಗೆ ಮೊದಲ ದರ್ಜೆಯಲ್ಲಿ ಪರವಾನಗಿಯ ಖರ್ಚು 25,000 ದಿರ್ಹಮ್ ಆದರೆ, ಮೂರನೆಯ ದರ್ಜೆಯಲ್ಲಿ 3,45,000. ಈ ಹೆಚ್ಚುವರಿ ಹೊರೆಯನ್ನು ಕೆಲಸಗಾರನ ತಲೆಗೆ ಕಟ್ಟುವ ಪ್ರಯತ್ನ ನಡೆಯುವುದು ಇಂಥ ಕಡೆಗಳಲ್ಲೇ. ಆದಕಾರಣ ಸಂಸ್ಥೆ ಯಾವ ದರ್ಜೆಯದ್ದೆಂದು ವಿಚಾರಿಸುವುದು ಜಾಣತನ.

ಪ್ರತಿ ಕೆಲಸಗಾರನ ಹೆಸರಿನಲ್ಲಿ 3,000 ದಿರ್ಹಮ್‌ಗೆ ಕಡಿಮೆಯಿಲ್ಲದ ಬ್ಯಾಂಕ್ ಖಾತರಿ ಅಥವಾ ಅದರ ಬದಲಿಗೆ ವಿಮೆ ಮಾಡಿಸುವುದೂ ಉದ್ಯೋಗದಾತನ ಕರ್ತವ್ಯ. ಸಂಸ್ಥೆ ದಿವಾಳಿಯಾದರೆ ಈ ವಿಮೆಯಿಂದ 20,000 ದಿರ್ಹಮ್‌ವರೆಗೆ ಬಾಕಿ ಸಂಬಳ ಮುಂತಾದವುಗಳ ಪಾವತಿಗೆ ಅವಕಾಶವಿದೆ. ಇದರ ಕಂತನ್ನೂ ಕೆಲಸಗಾರನಿಂದ ಪಡೆಯುವಂತಿಲ್ಲ.

ಸ್ವದೇಶೀಕರಣ ಮತ್ತು ನಾಫಿಸ್

ಸ್ವದೇಶೀಕರಣವೆಂದರೆ ಖಾಸಗಿ ಸಂಸ್ಥೆಗಳಲ್ಲಿ ಆ ದೇಶದ ಪ್ರಜೆಗಳ ಸಂಖ್ಯೆಯನ್ನು ಹೆಚ್ಚಿಸುವ ಕಾರ್ಯಕ್ರಮ. "ಇನ್ನು ನಮ್ಮವರಿಗೆ ಅಲ್ಲಿ ಕೆಲಸವಿಲ್ಲ" ಎಂಬ ಗಾಳಿಮಾತು ಹರಡುವುದು ಇದರ ಹೆಸರಿನಲ್ಲಿ. ನಿಯಮ ಹೀಗಿದೆ.

50 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಕುಶಲ ಹುದ್ದೆಗಳಲ್ಲಿ ಸ್ವದೇಶಿಗಳ ಪ್ರಮಾಣವನ್ನು 2022ರಿಂದ ವರ್ಷಕ್ಕೆ ಶೇ. 2ರಂತೆ ಏರಿಸಿ, 2026ರ ಕೊನೆಗೆ ಶೇ. 10 ತಲುಪಿಸಬೇಕು. 2023ರಿಂದ ಇದನ್ನು ಅರ್ಧ ವರ್ಷಕ್ಕೆ ಶೇ. 1ರಂತೆ ಲೆಕ್ಕಹಾಕಲಾಗುತ್ತಿದೆ. ಗುರಿ ತಪ್ಪಿದ ಸಂಸ್ಥೆ, ನೇಮಿಸದೆ ಬಿಟ್ಟ ಪ್ರತಿಯೊಬ್ಬ ಸ್ವದೇಶಿಯ ಲೆಕ್ಕದಲ್ಲಿ ಸರಕಾರಕ್ಕೆ ಹಣ ಕಟ್ಟಬೇಕು. 2022ರ ಗುರಿಗೆ ಇದು ತಿಂಗಳಿಗೆ 6,000 ದಿರ್ಹಮ್, ಅಂದರೆ ವರ್ಷಕ್ಕೆ 72,000 ಇತ್ತು. ವರ್ಷವರ್ಷವೂ ತಿಂಗಳ ಮೊತ್ತದಲ್ಲಿ 1,000 ದಿರ್ಹಮ್ ಏರುತ್ತ ಬಂದಿದೆ. 20ರಿಂದ 49 ಮಂದಿ ಇರುವ ಸಂಸ್ಥೆಗಳಿಗೂ 14 ವಲಯಗಳಲ್ಲಿ 2024ರಲ್ಲಿ ಒಬ್ಬ, 2025ರಲ್ಲಿ ಇನ್ನೊಬ್ಬ ಸ್ವದೇಶಿಯನ್ನು ನೇಮಿಸುವ ನಿಯಮ ಬಂತು. ತಪ್ಪಿದವರಿಗೆ ಮೊದಲ ವರ್ಷ 96,000, ಎರಡನೆಯ ವರ್ಷ 1,08,000 ದಿರ್ಹಮ್ ಹೊರೆ. ಶಿಕ್ಷಣ, ಆರೋಗ್ಯ, ನಿರ್ಮಾಣ, ಸಗಟು ಮತ್ತು ಚಿಲ್ಲರೆ ವ್ಯಾಪಾರ, ಸಾರಿಗೆ, ಹೋಟೆಲು ಮುಂತಾದವು ಆ ವಲಯಗಳು.

ಇದು ಕೋಲಿನ ಬದಿ. ಬೆಲ್ಲದ ಬದಿ ನಾಫಿಸ್. 2021ರ ಸೆಪ್ಟೆಂಬರಿನಲ್ಲಿ ಘೋಷಣೆಯಾದ ಈ ಕಾರ್ಯಕ್ರಮಕ್ಕೆ 2,400 ಕೋಟಿ ದಿರ್ಹಮ್ ಮೀಸಲಿರಿಸಿ, ಐದು ವರ್ಷಗಳಲ್ಲಿ 75,000 ಸ್ವದೇಶಿಗಳಿಗೆ ಖಾಸಗಿ ಉದ್ಯೋಗ ಕೊಡಿಸುವ ಗುರಿ ಇಡಲಾಯಿತು. ಖಾಸಗಿ ಸಂಸ್ಥೆ ಸೇರುವ ಸ್ವದೇಶಿಗೆ ಸರಕಾರವೇ ವೇತನ ಬೆಂಬಲ ನೀಡುತ್ತದೆ. 2022ರ ಪರಿಷ್ಕರಣೆಯಂತೆ ಇದು ಪದವೀಧರರಿಗೆ ತಿಂಗಳಿಗೆ 7,000, ಡಿಪ್ಲೊಮಾದವರಿಗೆ 6,000, ಪ್ರೌಢಶಿಕ್ಷಣ ಮುಗಿಸಿದವರಿಗೆ 5,000 ದಿರ್ಹಮ್‌ವರೆಗೆ. ಪಿಂಚಣಿ ವಂತಿಗೆ ಮತ್ತು ತರಬೇತಿಯಲ್ಲೂ ನೆರವಿದೆ. ಗುರಿ ಮೀರಿ ಸಾಧಿಸಿದ ಸಂಸ್ಥೆಗಳು ಎಮಿರಾಟೀಕರಣ ಪಾಲುದಾರರ ಕೂಟಕ್ಕೆ ಸೇರಿ ಸಚಿವಾಲಯದ ಶುಲ್ಕಗಳಲ್ಲಿ ಶೇ. 80ರವರೆಗೆ ರಿಯಾಯಿತಿಯನ್ನೂ ಸರಕಾರಿ ಖರೀದಿಯಲ್ಲಿ ಆದ್ಯತೆಯನ್ನೂ ಪಡೆಯುತ್ತವೆ. ಸಬ್ಸಿಡಿಗಾಗಿ ಕಾಗದದ ಮೇಲಷ್ಟೇ ನೇಮಕ ತೋರಿಸುವುದನ್ನು ಗಂಭೀರ ಅಪರಾಧವೆಂದು ಪರಿಗಣಿಸಲಾಗಿದೆ.

ನಮ್ಮವರ ಮೇಲೆ ಇದರ ಪರಿಣಾಮವೇನು? ಶೇಕಡಾವಾರು ಗುರಿ ಕುಶಲ ಹುದ್ದೆಗಳಿಗೆ ಮಾತ್ರ. ಕುಶಲ ಹುದ್ದೆ ಎನ್ನಿಸಲು ಅದು ಮೊದಲ ಐದು ವೃತ್ತಿ ಮಟ್ಟಗಳಲ್ಲಿ ಇರಬೇಕು, ಪ್ರೌಢಶಿಕ್ಷಣಕ್ಕೆ ಮೇಲಿನ ಪ್ರಮಾಣಪತ್ರ ಬೇಕು, ವೇತನ 4,000 ದಿರ್ಹಮ್‌ಗೆ ಕಡಿಮೆಯಿರಬಾರದು. ಆದುದರಿಂದ ಕಟ್ಟಡ ಕೆಲಸ, ಹೋಟೆಲಿನ ಅಡುಗೆಮನೆ, ಸರಕು ಸಾಗಣೆ, ಕ್ಲೀನಿಂಗ್ ಮುಂತಾದ ಕೆಲಸಗಳಿಗೆ ಈ ಗುರಿಯಿಂದ ನೇರ ತೊಡಕಿಲ್ಲ. ಬದಲಾಗಿ ಬಿ.ಕಾಂ., ಬಿ.ಬಿ.ಎ. ಮುಗಿಸಿ ಲೆಕ್ಕಪತ್ರ, ಕಚೇರಿ ಆಡಳಿತ, ಗ್ರಾಹಕ ಸೇವೆ, ಮಾನವ ಸಂಪನ್ಮೂಲ ವಿಭಾಗಗಳ ಹುದ್ದೆ ಬಯಸುವವರು ಪೈಪೋಟಿ ಹೆಚ್ಚಿದೆಯೆಂದು ತಿಳಿದು ಸಿದ್ಧರಾಗಬೇಕು. ತಾಂತ್ರಿಕ ಕೌಶಲವೊಂದನ್ನು ಪದವಿಯ ಜೊತೆ ಕಲಿತಿರುವುದು ಅಂಥವರಿಗೆ ಒಳ್ಳೆಯದು.

ದುಡಿಮೆಯ ಹೊತ್ತು, ರಜೆ, ಸಂಬಳ

ದಿನಕ್ಕೆ 8, ವಾರಕ್ಕೆ 48 ಗಂಟೆ ಸಾಮಾನ್ಯ ಕೆಲಸದ ಮಿತಿ. ಹೆಚ್ಚುವರಿ ಕೆಲಸ ದಿನಕ್ಕೆ ಎರಡು ಗಂಟೆ ಮೀರಬಾರದು. ಅದಕ್ಕೆ ಮೂಲ ವೇತನದ ಲೆಕ್ಕದಲ್ಲಿ ಶೇ. 25 ಹೆಚ್ಚು, ರಾತ್ರಿ 10ರಿಂದ ಬೆಳಗಿನ 4ರ ನಡುವೆಯಾದರೆ ಶೇ. 50 ಹೆಚ್ಚು ಕೊಡಬೇಕು. ಪಾಳಿಯಲ್ಲಿ ದುಡಿಯುವವರಿಗೆ ಈ ರಾತ್ರಿ ದರ ಇಲ್ಲ. ವರ್ಷ ಪೂರೈಸಿದವರಿಗೆ 30 ದಿನಗಳ ವೇತನಸಹಿತ ರಜೆ. ಪ್ರೊಬೇಷನ್ ಮುಗಿದ ಬಳಿಕ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯ ರಜೆ: ಮೊದಲ 15 ದಿನ ಪೂರ್ಣ ವೇತನ, ಮುಂದಿನ 30 ದಿನ ಅರ್ಧ ವೇತನ, ಉಳಿದದ್ದು ವೇತನವಿಲ್ಲದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದು ನಿಷಿದ್ಧ. ಉಲ್ಲಂಘಿಸಿದರೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಮ್‌ನಂತೆ, 50,000ದವರೆಗೆ ದಂಡ.

ಸಂಬಳವನ್ನು 2009ರಿಂದ ಜಾರಿಯಲ್ಲಿರುವ ವೇತನ ರಕ್ಷಣಾ ವ್ಯವಸ್ಥೆಯ ಮೂಲಕ ಕೊಡಬೇಕು. ಕೆಲಸಗಾರನ ಖಾತೆಗೆ ಹಣ ಬಂದಿತೇ ಇಲ್ಲವೇ ಎಂಬುದು ಇದರಿಂದ ಸಚಿವಾಲಯಕ್ಕೆ ತಿಳಿಯುತ್ತದೆ. ಸಂಬಳ ತಡೆಹಿಡಿಯುವ ಸಂಸ್ಥೆಗೆ ಹೊಸ ಪರವಾನಗಿಗಳು ನಿಲ್ಲುತ್ತವೆ. ವಿದೇಶಿ ಕೆಲಸಗಾರರಿಗೆ ಯುಎಇಯಲ್ಲಿ ಸಾರ್ವತ್ರಿಕ ಕನಿಷ್ಠ ವೇತನ ನಿಗದಿಯಾಗಿಲ್ಲ. ಹಾಗಾಗಿ ಒಪ್ಪಂದದಲ್ಲಿ ಬರೆದ ಅಂಕಿಯೇ ಕೊನೆಯ ಮಾತು.

ಮೂಲ ವೇತನವೇ ಏಕೆ ಮುಖ್ಯ?

ಒಂದು ವರ್ಷ ಪೂರೈಸಿದ ಪೂರ್ಣಾವಧಿ ಕೆಲಸಗಾರನಿಗೆ ಸೇವೆಯ ಕೊನೆಯಲ್ಲಿ ಗ್ರಾಚ್ಯುಟಿ ಸಿಗುತ್ತದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆ ಮೇಲಿನ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ. ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರುವುದಿಲ್ಲ. ಒಪ್ಪಂದ ಮುಗಿದ 14 ದಿನಗಳೊಳಗೆ ಎಲ್ಲ ಬಾಕಿಯನ್ನೂ ಚುಕ್ತಾ ಮಾಡಬೇಕು.

ಉದಾಹರಣೆಗೆ ಇಬ್ಬರಿಗೂ ಕೈಗೆ ಬರುವುದು 2,400 ದಿರ್ಹಮ್ ಎಂದಿರಲಿ. ಒಬ್ಬನ ಮೂಲ ವೇತನ 2,100, ಇನ್ನೊಬ್ಬನದ್ದು 1,200, ಉಳಿದದ್ದು ಭತ್ಯೆ. ಇಬ್ಬರೂ ಆರು ವರ್ಷ ದುಡಿದು ಮರಳುತ್ತಾರೆ. ಎರಡನೆಯವನ ದಿನದ ಮೂಲ ವೇತನ 40 ದಿರ್ಹಮ್. ಮೊದಲ ಐದು ವರ್ಷಕ್ಕೆ 4,200, ಆರನೆಯ ವರ್ಷಕ್ಕೆ 1,200, ಒಟ್ಟು 5,400. ಮೊದಲನೆಯವನ ದಿನದ ಮೂಲ ವೇತನ 70. ಅವನಿಗೆ 7,350 ಮತ್ತು 2,100 ಸೇರಿ 9,450. ತಿಂಗಳ ಸಂಬಳದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಕೊನೆಗೆ 4,050 ದಿರ್ಹಮ್‌ನ ಅಂತರ. ಹೆಚ್ಚುವರಿ ಗಂಟೆಗಳ ಕೂಲಿಯಲ್ಲೂ ಇದೇ ಕತೆ. ನಮ್ಮ ಹಳೆಯ ವಿದ್ಯಾರ್ಥಿಗೆ ತಿಳಿಯದೆ ಹೋದದ್ದು ಈ ಲೆಕ್ಕ.

ಕೆಲಸ ಹೋದರೆ

2023ರ ಜನವರಿ 1ರಿಂದ ನಿರುದ್ಯೋಗ ವಿಮೆ ಕಡ್ಡಾಯ. ಇದರ ಕಂತು ಕೆಲಸಗಾರನದ್ದು: ಮೂಲ ವೇತನ 16,000 ದಿರ್ಹಮ್‌ವರೆಗಿದ್ದರೆ ತಿಂಗಳಿಗೆ 5, ಅದಕ್ಕಿಂತ ಹೆಚ್ಚಿದ್ದರೆ 10 ದಿರ್ಹಮ್. ಕನಿಷ್ಠ 12 ತಿಂಗಳು ಸತತವಾಗಿ ಕಂತು ಕಟ್ಟಿದವರು ಕೆಲಸ ಕಳೆದುಕೊಂಡರೆ ಮೂಲ ವೇತನದ ಶೇ. 60ರಂತೆ ಮೂರು ತಿಂಗಳವರೆಗೆ ಪರಿಹಾರ ಪಡೆಯಬಹುದು. ಕೆಲಸ ಹೋದ 30 ದಿನಗಳೊಳಗೆ ಅರ್ಜಿ ಹಾಕಬೇಕು. ತಾನಾಗಿ ರಾಜೀನಾಮೆ ಕೊಟ್ಟವರಿಗೆ, ಶಿಸ್ತುಕ್ರಮದಲ್ಲಿ ವಜಾಗೊಂಡವರಿಗೆ ಇದಿಲ್ಲ. ವಿಮೆ ಮಾಡಿಸದಿದ್ದರೆ 400 ದಿರ್ಹಮ್ ದಂಡ.

ಸಂಬಳ ಬಾಕಿ ಮುಂತಾದ ದೂರುಗಳನ್ನು ಸಚಿವಾಲಯದ ಆ್ಯಪ್‌ನಲ್ಲಿ ಅಥವಾ 600590000 ಸಂಖ್ಯೆಗೆ ಕರೆಮಾಡಿ ಸಲ್ಲಿಸಬಹುದು. 50,000 ದಿರ್ಹಮ್‌ವರೆಗಿನ ವ್ಯಾಜ್ಯಗಳನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಕೆಲಸಗಾರರ 1 ಲಕ್ಷ ದಿರ್ಹಮ್‌ವರೆಗಿನ ದಾವೆಗಳಿಗೆ ನ್ಯಾಯಾಲಯ ಶುಲ್ಕವಿಲ್ಲ. ಕೆಲಸದ ಸಂಬಂಧ ಕೊನೆಗೊಂಡ ಎರಡು ವರ್ಷಗಳೊಳಗೆ ಹಕ್ಕು ಸಾಧಿಸಬೇಕು. ಊರಿಗೆ ಬಂದು ಸುಮ್ಮನೆ ಕುಳಿತರೆ ಅವಧಿ ಮೀರಿಹೋಗುತ್ತದೆ. ಭಾರತ ಸರಕಾರದ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 80046342.

ಊರು ಬಿಡುವ ಮುನ್ನ

ಹತ್ತನೆಯ ತರಗತಿ ತೇರ್ಗಡೆಯಾಗದವರಿಗೆ ಸಾಮಾನ್ಯವಾಗಿ ವಲಸೆ ಅನುಮತಿ ಬೇಕಾಗುವ ಇಸಿಆರ್ ಪಾಸ್‌ಪೋರ್ಟ್ ಸಿಗುತ್ತದೆ. ಅಂಥವರು ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಲೇಬೇಕು. ಏಜೆಂಟ್ ನೋಂದಾಯಿತನೇ ಎಂಬುದನ್ನೂ ಅದೇ ಜಾಲತಾಣದಲ್ಲಿ ನೋಡಬಹುದು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ಅಪಘಾತ ವಿಮೆಯಿದೆ. ಕೇರಳದವರಿಗೆ ನೋರ್ಕಾ ರೂಟ್ಸ್‌ನ ನೆರವೂ ಇದೆ. ಕಾಸರಗೋಡಿನ ಕನ್ನಡಿಗರೂ ಅದಕ್ಕೆ ಸಮಾನ ಹಕ್ಕುದಾರರು.

ಮೂರನೆಯ ಭಾಷೆಯ ಪ್ರಶ್ನೆ

ನೇಮಕಾತಿ ಪತ್ರವು ಅರಬ್ಬಿ, ಇಂಗ್ಲಿಷ್ ಮತ್ತು ಕೆಲಸಗಾರನಿಗೆ ಅರ್ಥವಾಗುವ ಮೂರನೆಯ ಭಾಷೆಯಲ್ಲಿ ಇರಬೇಕೆಂಬುದು 2016ರಿಂದ ಜಾರಿಯಲ್ಲಿರುವ ನಿಯಮ. ಸಚಿವಾಲಯ ಅಂಗೀಕರಿಸಿದ ಹನ್ನೊಂದು ಭಾಷೆಗಳಲ್ಲಿ ಭಾರತದವು ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ. ಕನ್ನಡವಿಲ್ಲ, ತೆಲುಗು, ಮರಾಠಿಗಳೂ ಇಲ್ಲ. ಹೀಗಾಗಿ ಕಾಸರಗೋಡಿನ ಕನ್ನಡಿಗನಿಗೆ ಮಲಯಾಳಂ, ತಾಳವಾಡಿಯವನಿಗೆ ತಮಿಳು, ಅಕ್ಕಲಕೋಟೆ, ಮಡಕಶಿರಾದವರಿಗೆ ಹಿಂದಿ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿತವನಿಗೆ ತನ್ನ ಸಂಬಳದ ಷರತ್ತನ್ನು ತಾನೇ ಓದಿ ತಿಳಿಯುವ ದಾರಿ ಇಲ್ಲವಾಗಿದೆ. ಭಾಷಾಂತರಗಳ ನಡುವೆ ವ್ಯತ್ಯಾಸ ಬಂದರೆ ಅರಬ್ಬಿ ಪಾಠವೇ ಅಂತಿಮ ಎಂಬುದನ್ನೂ ನೆನಪಿಡಬೇಕು.

ಪಟ್ಟಿಗೆ ಕನ್ನಡವನ್ನು ಸೇರಿಸುವಂತೆ ನಮ್ಮ ಸಂಘಟನೆಗಳು ಭಾರತದ ವಿದೇಶಾಂಗ ಸಚಿವಾಲಯದ ಮೂಲಕ ಮನವಿ ಸಲ್ಲಿಸುವುದು ಯೋಗ್ಯ. ಕರ್ನಾಟಕ ಸರಕಾರವೂ ದನಿಗೂಡಿಸಬೇಕು, ಏಕೆಂದರೆ ಮಂಗಳೂರು, ಉಡುಪಿ, ಭಟ್ಕಳದಿಂದ ಹೋಗುವವರ ಪಾಡೂ ಇದೇ. ಅದು ಕೈಗೂಡುವವರೆಗೆ ಸಹಿ ಹಾಕುವ ಮೊದಲು ಪತ್ರವನ್ನು ಬಲ್ಲವರಿಂದ ಓದಿಸಿಕೊಳ್ಳಿ. ಮೂಲ ವೇತನ, ಭತ್ಯೆ, ಹುದ್ದೆಯ ಹೆಸರು, ಕೆಲಸದ ಸ್ಥಳ, ಪ್ರೊಬೇಷನ್, ಸೂಚನಾ ಅವಧಿ: ಈ ಆರನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಊರಿನ ಯಾವ ಕನ್ನಡ ಶಾಲೆಗೆ ಹೋದರೂ ಇಷ್ಟನ್ನು ಓದಿ ಹೇಳುವ ಅಧ್ಯಾಪಕರು ಇದ್ದೇ ಇದ್ದಾರೆ. ವಿಮಾನಕ್ಕೆ ನಾಲ್ಕು ದಿನ ಇರುವಾಗ ಬೇಡ, ಸಹಿಗೆ ನಾಲ್ಕು ದಿನ ಇರುವಾಗ ಬನ್ನಿ.